ತೂಬಿನ ಕ್ಯಾಂಪಿನ ಹ್ಮಾಂಗ್–ಖೋಸಾ ಗೋಡೆ

ಕುರುಗೋಡು ತಾಲೂಕಿನಲ್ಲಿ ಹ್ಮಾಂಗ್ ಭಾಷೆಯನ್ನಾಡುವವರು ನಾನೂರ ಹನ್ನೆರಡು ಮಂದಿ, ಖೋಸಾ ಭಾಷೆಯನ್ನಾಡುವವರು ಆರುನೂರ ಒಂಬತ್ತು ಮಂದಿ ಇದ್ದಾರೆ. ಇದು ಕಡತದಲ್ಲಿರುವ ಸಂಗತಿ. ಕಡತಕ್ಕೆ ಜಾವಕ ಸಂಖ್ಯೆ ಇದೆ, ದುಂಡನೆಯ ಮುದ್ರೆ ಇದೆ, ಮುದ್ರೆಯ ಮೇಲೆ ಹಸಿರು ಶಾಯಿಯ ಸಹಿ ಇದೆ. ಆದ್ದರಿಂದ ಈ ಬಗ್ಗೆ ಯಾರಿಗೂ ಸಂಶಯವಿಲ್ಲ. ಮೊದಮೊದಲು ಒಬ್ಬರಿಗೆ ಮಾತ್ರ ಇತ್ತು. ಅವರು ತೂಬಿನ ಕ್ಯಾಂಪ್ ಕಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಗುರುಗಳಾದ ಮರಿಬಸಪ್ಪನವರು. ಅವರ ಸಂಶಯವನ್ನೂ ಈಗ ವಿಲೇವಾರಿ ಮಾಡಲಾಗಿದೆ.

ಕುರುಗೋಡಿನಿಂದ ಸಿರುಗುಪ್ಪದ ಕಡೆ ಹೋಗುವಾಗ ಕಾಲುವೆಯ ಬದಿಗೆ ಸಿಗುವ ಅರವತ್ತು ಮನೆಗಳ ಊರು ತೂಬಿನ ಕ್ಯಾಂಪ್. ಕಾಲುವೆ ಬಂದ ಕಾಲಕ್ಕೆ ಆಂಧ್ರದ ಕಡೆಯಿಂದ ಬಂದು ಭತ್ತ ಹಾಕಿದವರ ಮನೆಗಳು ಅರ್ಧ, ಮೊದಲಿನಿಂದ ಇದ್ದವರ ಮನೆಗಳು ಅರ್ಧ. ಅಲ್ಲಿಯ ಮಕ್ಕಳು ತೆಲುಗಿನಲ್ಲಿ ಜಗಳ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಾರೆ. ಶಾಲೆಗೆ ಎರಡು ಕೋಣೆ, ಮೂವತ್ತೆಂಟು ಮಕ್ಕಳು, ಇಬ್ಬರು ಶಿಕ್ಷಕರು. ಇಬ್ಬರೂ ಗಂಡ ಹೆಂಡತಿ. ಮರಿಬಸಪ್ಪನವರ ಹೆಂಡತಿ ದಾಕ್ಷಾಯಣಮ್ಮ ಮೂರು ದಿನದ ಜ್ವರದಲ್ಲಿ ತೀರಿಕೊಂಡ ಮೇಲೆ ಶಿಕ್ಷಕರು ಒಬ್ಬರೇ.

ಮರಿಬಸಪ್ಪನವರು ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಹಾಜರಿ ಪುಸ್ತಕದಲ್ಲಿ ಒಂದು ಸುಳ್ಳು ಗುರುತು ಹಾಕಿದವರಲ್ಲ. ಹೆಸರು ಕೂಗಿದಾಗ ಮಗು ಅಂಗಳದ ಬೇವಿನ ಮರದಿಂದ 'ಸಾರ್' ಎಂದರೆ, 'ಹಾಜರು, ಮರದಲ್ಲಿ' ಎಂದು ಬರೆಯುವಷ್ಟು ಖಚಿತ ಮನುಷ್ಯ. ಹೆಂಡತಿ ತೀರಿದ ಮೇಲೆ ಅವರು ರಜೆ ಹಾಕಿದ್ದು ಹನ್ನೊಂದು ದಿನ. ಹನ್ನೆರಡನೆಯ ದಿನ ಶಾಲೆಗೆ ಬಂದು ಗೋಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಗಂಟೆ ಬಾರಿಸಿದ್ದರು.

ಗೋಡೆ ಎಂದರೆ ಶಾಲೆಯ ಹೊರಗೋಡೆ. ಅದರ ತುಂಬ ದಾಕ್ಷಾಯಣಮ್ಮ ಎರಡು ಬೇಸಿಗೆ ರಜೆ ಕೂತು ಕನ್ನಡ ವರ್ಣಮಾಲೆ ಬರೆದಿದ್ದರು. ಪುಸ್ತಕದಲ್ಲಿರುವ ಚಿತ್ರಗಳಲ್ಲ. ಅ ಎಂದರೆ ಅಂಬಲಿ, ಒ ಎಂದರೆ ಒಗ್ಗರಣಿ, ಕ ಎಂದರೆ ಕಾಲುವಿ, ಜ ಎಂದರೆ ಜೋಳ, ಮ ಎಂದರೆ ಮೆಣಸಿನಕಾಯಿ. ಕ್ಯಾಂಪಿನ ಮಕ್ಕಳು ಹೊರಗೆ ಬಂದು ಕೈ ಚಾಚಿದರೆ ಸಿಗುವ ವಸ್ತುಗಳೇ ಎಲ್ಲ. ಕೊನೆಯ ಅಕ್ಷರ ಳ. ಅದರಿಂದ ಶುರುವಾಗುವ ಮಾತೇ ಇಲ್ಲ. ಅಲ್ಲಿ ಅವರು ಎಡಗಣ್ಣು ಮಿಟುಕಿಸುವ ಒಂದು ಬೆಕ್ಕು ಬರೆದರು.

"ಇದ್ಯಾಕ?" ಎಂದು ಮರಿಬಸಪ್ಪನವರು ಕೇಳಿದ್ದರು.

"ಪಾಪ, ಅದರ ಹಿಂದ ಯಾರೂ ಬರಂಗಿಲ್ಲ. ಜೊತಿಗೆ ಒಂದು ಬೆಕ್ಕರ ಇರ್ಲಿ," ಎಂದಿದ್ದರು ದಾಕ್ಷಾಯಣಮ್ಮ.

ಹೀಗಿರುವಾಗ, ಜೂನ್ ತಿಂಗಳಲ್ಲಿ ಬಳ್ಳಾರಿಯಲ್ಲಿ ಗಡಿನಾಡ ಭಾಷಾ ತುಲನಾ ಕೋಶವೆಂಬ ಕಚೇರಿ ಸ್ಥಾಪನೆಯಾಯಿತು. ಗಡಿಯ ಜನ ಎರಡು ಭಾಷೆ ಆಡುತ್ತಾರೆ. ಆ ಎರಡನ್ನು ಶಾಲೆಗಳಲ್ಲಿ ಹೋಲಿಸಿ ನೋಡಬೇಕು ಎಂಬುದು ಉದ್ದೇಶ. ಉದ್ದೇಶದಲ್ಲಿ ತಪ್ಪೇನೂ ಇರಲಿಲ್ಲ. ಕೋಶದ ನೋಡಲ್ ಅಧಿಕಾರಿ ಸುಶಮೀಂದ್ರ ಅವರು ಕಂಪ್ಯೂಟರ್ ಆಪರೇಟರ್ ಹೇಮಾಳನ್ನು ಕರೆದು, ಎರಡು ಭಾಷೆಗಳನ್ನು ಹೋಲಿಸುವ ಒಂದು ಮಾದರಿ ನಮೂನೆಯನ್ನು ಮಧ್ಯಾಹ್ನದೊಳಗೆ ಮೇಜಿನ ಮೇಲಿಡಲು ಸೂಚಿಸಿದರು. ಹೇಮಾ ಇಂಟರ್‌ನೆಟ್ಟಿನಲ್ಲಿ ಹುಡುಕಿದಳು. ಮೊದಲು ಸಿಕ್ಕ ಪುಟದಲ್ಲಿ ಹ್ಮಾಂಗ್ ಮತ್ತು ಖೋಸಾ ಭಾಷೆಗಳ ಹೋಲಿಕೆ ಇತ್ತು. ಕೋಷ್ಟಕ ಅಚ್ಚುಕಟ್ಟಾಗಿತ್ತು. ಆ ಎರಡು ಹೆಸರು ತೆಗೆದು ಕನ್ನಡ, ತೆಲುಗು ಎಂದು ಹಾಕಿದರಾಯಿತು ಎಂದುಕೊಂಡು ಮುದ್ರಿಸಿಟ್ಟು, ಅವಳು ಊಟಕ್ಕೆ ಹೋದಳು. ಬರುವಷ್ಟರಲ್ಲಿ ಸಹಿಯಾಗಿತ್ತು.

ಆ ಕಚೇರಿಯಲ್ಲಿ ಸಹಿ ಮೊದಲು, ಓದು ಆಮೇಲೆ. ಅದೂ ಆಕ್ಷೇಪಣೆ ಬಂದರೆ ಮಾತ್ರ. ಸಹಿಯಾದ ಮೇಲೆ ಮಾದರಿಯು ಮಾದರಿಯಾಗಿ ಉಳಿಯುವುದಿಲ್ಲ, ನಿಯಮವಾಗುತ್ತದೆ. ಮರುದಿನ ಮೂರೂ ತಾಲೂಕುಗಳಿಗೆ ಸುತ್ತೋಲೆ ಹೋಯಿತು:

"ಬಳ್ಳಾರಿ, ಸಿರುಗುಪ್ಪ ಮತ್ತು ಕುರುಗೋಡು ತಾಲೂಕುಗಳ ಎಲ್ಲ ಶಾಲೆಗಳು ಲಗತ್ತಿಸಿದ ನಮೂನೆಯಲ್ಲಿರುವ ಎರಡು ಭಾಷೆಗಳನ್ನು ಹೋಲಿಸತಕ್ಕದ್ದು. ನಮೂನೆಯಲ್ಲಿ ಯಾವುದೇ ಬದಲಾವಣೆ ಮಾಡತಕ್ಕದ್ದಲ್ಲ. ಸದರಿ ಭಾಷೆಗಳನ್ನಾಡುವವರ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ ನಮೂದಿಸತಕ್ಕದ್ದು. ಒಬ್ಬ ವ್ಯಕ್ತಿಗೆ ಒಂದೇ ಭಾಷೆ."

ಮರಿಬಸಪ್ಪನವರು ನಮೂನೆಯನ್ನು ಎರಡು ಸಲ ಓದಿದರು. ಬಹುಶಃ ಜಿಲ್ಲೆಯಲ್ಲಿ ಅದನ್ನು ಓದಿದವರು ಅವರೊಬ್ಬರೇ. ಹ್ಮಾಂಗ್ ಭಾಷೆಯನ್ನು ಚೀನಾದ ದಕ್ಷಿಣ ಭಾಗ, ವಿಯೆಟ್ನಾಂ, ಲಾವೋಸ್ ಕಡೆಯ ಬೆಟ್ಟಗಳಲ್ಲಿ ಆಡುತ್ತಾರೆ. ಒಂದೇ ಉಚ್ಚಾರವನ್ನು ಏಳೆಂಟು ಬಗೆಯ ಏರಿಳಿತದಲ್ಲಿ ಹೇಳಿದರೆ ಏಳೆಂಟು ಬೇರೆ ಅರ್ಥ. ಖೋಸಾ ದಕ್ಷಿಣ ಆಫ್ರಿಕಾದ್ದು. ನಾಲಿಗೆಯನ್ನು ಹಲ್ಲಿಗೂ ಅಂಗುಳಿಗೂ ಒತ್ತಿ ಸೆಳೆದು ಲೊಚಗುಟ್ಟಿಸುವ ವ್ಯಂಜನಗಳು ಅದರಲ್ಲಿವೆ. ಎರಡೂ ಲಕ್ಷಾಂತರ ಜನ ಆಡುವ ಮರ್ಯಾದಸ್ಥ ಭಾಷೆಗಳೆಂದು ಅವರಿಗೆ ತಿಳಿಯಿತು. ಎರಡೂ ತೂಬಿನ ಕ್ಯಾಂಪಿಗೆ ಬಂದಿಲ್ಲವೆಂಬುದೂ ತಿಳಿಯಿತು. ಪೋರ್ಟಲ್ ತೆರೆದು ಎರಡೂ ಅಂಕಣಗಳಲ್ಲಿ ಸೊನ್ನೆ ಹಾಕಿದರು.

'ಸೊನ್ನೆ ಸ್ವೀಕಾರಾರ್ಹವಲ್ಲ' ಎಂದಿತು ಪೋರ್ಟಲ್.

ಶನಿವಾರ ಬೆಳಗಿನ ಶಾಲೆ ಮುಗಿಸಿ ಅವರು ಬಸ್ಸು ಹಿಡಿದು ಬಳ್ಳಾರಿಗೆ ಹೋದರು. ಕೋಶವು ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು.

"ನಮ್ಮ ಊರಾಗ ಈ ಎರಡು ಭಾಷಿ ಮಾತಾಡೋರು ಒಬ್ಬರೂ ಇಲ್ರಿ," ಎಂದರು ಮರಿಬಸಪ್ಪನವರು.

ಸುಶಮೀಂದ್ರ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಒಳ್ಳೆಯ ಮನುಷ್ಯ, ಯಾರಿಗೂ ಜೋರು ಮಾಡಿದವರಲ್ಲ. "ಹುಡುಕೀರೇನು?"

"ಇಲ್ಲದ್ದನ್ನ ಎಲ್ಲಿ ಹುಡುಕ್ಲಿ?"

"ಹುಡುಕದ ಇಲ್ಲ ಅಂತ ಹೆಂಗ ಬರೀತೀರಿ? ನೀವು ಖಚಿತ ಮನುಷ್ಯರು ಅಂತ ಕೇಳೀನಿ ನಾನು."

ಪಕ್ಕದ ಮೇಜಿನಲ್ಲಿದ್ದ ಹೇಮಾ ತಲೆ ಬಗ್ಗಿಸಿಕೊಂಡೇ, "ಸರ್, ಅದು ಕನ್ನಡ–ತೆಲುಗು ಆಗಬೇಕಿತ್ರಿ. ನಾನ…" ಎಂದಳು.

"ಹೇಮಾ," ಎಂದರು ಸುಶಮೀಂದ್ರ ಅವರು ಮೆತ್ತಗೆ. "ಹೊರಗ ಹೋದ ಕಾಗದ ತಪ್ಪಾಗಿರಂಗಿಲ್ಲವಾ. ಹೊರಗ ಹೋಗೋಕಿಂತ ಮೊದಲ ತಪ್ಪಾಗಿರತೈತಿ." ಮರಿಬಸಪ್ಪನವರ ಕಡೆ ತಿರುಗಿದರು. "ಸಿರುಗುಪ್ಪ ತಾಲೂಕಿನವರು ಮೂರು ಸಾವಿರ ಖೋಸಾ ತೋರಿಸ್ಯಾರ. ಕುಡತಿನಿಯಾಗೇ ಇನ್ನೂರು ಹ್ಮಾಂಗ್ ಅದಾರ. ಕುರುಗೋಡಿನವರು ಹಿಂದ ಬೀಳಬಾರದು. ಒಂದು ಕೆಲಸ ಮಾಡೋಣು, ನಾನ ಬಂದು ಖುದ್ದು ಪರಿಶೀಲನ ಮಾಡ್ತೀನಿ."

ಆಗಸ್ಟಿನಲ್ಲಿ ಅವರು ಜೀಪಿನಲ್ಲಿ ಹೇಮಾಳನ್ನು ಕೂರಿಸಿಕೊಂಡು ಕ್ಯಾಂಪಿಗೆ ಬಂದರು. ಶಾಲೆಯ ಮುಂದಿನ ದಾರಿಯಲ್ಲಿ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಎರ್ರಣ್ಣ ಎತ್ತಿನ ಬಂಡಿಯಲ್ಲಿ ಭತ್ತದ ಸಸಿ ಹೇರಿಕೊಂಡು ಬರುತ್ತಿದ್ದ. ಜೀಪು ಕಂಡು ಎತ್ತುಗಳು ನಿಂತವು. ಎರ್ರಣ್ಣ ನಾಲಿಗೆಯನ್ನು ದವಡೆಗೆ ಸೆಳೆದು ಟಕ್ ಟಕ್ ಎನಿಸಿದ. ಎತ್ತುಗಳು ನಡೆದವು.

"ನಿಲ್ರಿ," ಎಂದರು ಸುಶಮೀಂದ್ರ ಅವರು. "ಈಗ ಏನಂದ್ರಿ ನೀವು?"

"ಏನೂ ಅನ್ನಲಿಲ್ಲ ಸಾರು. ಎತ್ತಿಗೆ ಅಂದೆ."

"ಎತ್ತಿಗೆ ತಿಳೀತೇನು?"

"ತಿಳೀದೆ ಏನು? ನಡೆದವು ಕದಾ?"

"ಬರ್ಕೊಳ್ಳವಾ ಹೇಮಾ. ಖೋಸಾ, ಒಂದು. ಎತ್ತುಗಳು ಅರ್ಥಮಾಡಿಕೊಳ್ತಾವ, ಆದರ ಮಾತಾಡಂಗಿಲ್ಲ. ಅವನ್ನ ಷರಾದಾಗ ಹಾಕು."

ಮಧ್ಯಾಹ್ನ, ಶಾಲೆಯ ಬಿಸಿಯೂಟದ ಅಡುಗೆಯ ದೊಡ್ಡಬಸಮ್ಮ ತಟ್ಟೆ ತಂದಿಟ್ಟಳು. ಅಂದು ಏಕಾದಶಿ. ಸುಶಮೀಂದ್ರ ಅವರು ಕೈಮುಗಿದು, ನೀರೂ ಮುಟ್ಟುವುದಿಲ್ಲವೆಂದರು. ಅಷ್ಟು ದೂರದಿಂದ ಬಿಸಿಲಲ್ಲಿ ಬಂದ ಮನುಷ್ಯ ನೀರೂ ಕುಡಿಯುವುದಿಲ್ಲವೆಂದರೆ ದೊಡ್ಡಬಸಮ್ಮನ ಕರುಳು ಚುರ್ ಎಂದಿತು. "ಯಪ್ಪಾ…" ಎಂದು ತಲೆಯಾಡಿಸುತ್ತ ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಮೂರು ಸಲ ಲೊಚಗುಟ್ಟಿದಳು.

"ಖೋಸಾ, ಎರಡು," ಎಂದರು ಸುಶಮೀಂದ್ರ ಅವರು. "ಇವರದು ಇನ್ನೂ ಸ್ವಚ್ಛ ಐತಿ."

"ನನಗೇನು ರೋಗ ಹಚ್ಚಿದನವಾ ಇವನು?" ಎಂದು ದೊಡ್ಡಬಸಮ್ಮ ಹೇಮಾಳ ಕಿವಿಯಲ್ಲಿ ಕೇಳಿದಳು.

ಹ್ಮಾಂಗ್ ಸಿಗುವುದು ಇನ್ನೂ ಸುಲಭವಾಯಿತು. ಎರ್ರಣ್ಣನಿಗೆ ಹೆಂಡತಿಯ ಫೋನು ಬಂತು. ಅವನು ಐದು ನಿಮಿಷ 'ಹೂಂ' ಬಿಟ್ಟು ಬೇರೆ ಮಾತಾಡಲಿಲ್ಲ. ಮೊದಲ ಹೂಂ ಒಪ್ಪಿಗೆ, ಎರಡನೆಯದು ಸಂಶಯ, ಮೂರನೆಯದು ಬೇಸರ, ನಾಲ್ಕನೆಯದು ಭಯ. ಸುಶಮೀಂದ್ರ ಅವರು ಬೆರಳು ಮಡಚಿ ಎಣಿಸಿದರು. ಏಳು ಬಗೆ ಸಿಕ್ಕವು. ಎರ್ರಣ್ಣನನ್ನು ಆಗಲೇ ಖೋಸಾದಲ್ಲಿ ಹಾಕಿದ್ದರಿಂದ ಅವನ ಹೆಂಡತಿಯನ್ನು ಹ್ಮಾಂಗ್‌ನಲ್ಲಿ ಸೇರಿಸಲಾಯಿತು. ಮೂವತ್ತೆಂಟು ಮಕ್ಕಳನ್ನು ಹತ್ತೊಂಬತ್ತು, ಹತ್ತೊಂಬತ್ತರಂತೆ ಹಂಚಲಾಯಿತು.

ಮರಿಬಸಪ್ಪನವರು ಈ ಹೊತ್ತಿನಲ್ಲಿ ಕಿಟಕಿಯ ಆಚೆ ನೋಡುತ್ತಿದ್ದರು. ದಾಕ್ಷಾಯಣಮ್ಮನ ಹೂಂನಲ್ಲಿ ಐದು ಬಗೆ ಇದ್ದವು. ಐದನ್ನೂ ಅವರು ಬಲ್ಲವರಾಗಿದ್ದರು. ಆರನೆಯದನ್ನು ಆಸ್ಪತ್ರೆಯಲ್ಲಿ ಕೇಳಿದ್ದರು. ಅದರ ಅರ್ಥ ಇನ್ನೂ ತಿಳಿದಿರಲಿಲ್ಲ.

"ಸರ," ಎಂದರು ಅವರು ಈ ಕಡೆ ತಿರುಗಿ. "ಖೋಸಾದಾಗ ಆ ಸಪ್ಪಳ ವ್ಯಂಜನ. ನಮಗ ಕ, ಚ ಇದ್ದಂಗ, ಮಾತಿನ ಒಳಗ ಬರತಾವ. ದೊಡ್ಡಬಸಮ್ಮ ಮಾಡಿದ್ದು ಬರೇ ಕನಿಕರ."

"ಕನಿಕರಕ್ಕ ನಮೂನಿಯಾಗ ಅಂಕಣ ಇಲ್ಲರಿ ಮರಿಬಸಪ್ಪನವರ," ಎಂದರು ಸುಶಮೀಂದ್ರ ಅವರು. ಹೊರಡುವಾಗ ಶಾಲೆಯ ಸುತ್ತ ಒಂದು ಸುತ್ತು ಹಾಕಿ, ಹೊರಗೋಡೆಯ ಮುಂದೆ ನಿಂತರು. "ಇದು ದೊಡ್ಡ ಗೋಡಿ. ಏಳನೇ ನಿಯಮ ಬರತೈತಿ ಮುಂದಿನ ವಾರ. ಇದರ ಮ್ಯಾಲೆ ಸುಣ್ಣ ಹೊಡಸ್ರಿ."

ಏಳನೇ ನಿಯಮ ಬಂತು: "ಪ್ರತಿ ಶಾಲೆಯ ಅತಿ ದೊಡ್ಡ ಗೋಡೆಯ ಮೇಲೆ ಹ್ಮಾಂಗ್–ಖೋಸಾ ತೌಲನಿಕ ಫಲಕವನ್ನು ಬರೆಸತಕ್ಕದ್ದು. ಗೋಡೆಯ ಮೇಲೆ ಈಗಾಗಲೇ ಅನ್ಯಭಾಷೆಯ ಬರಹವಿದ್ದಲ್ಲಿ ಎರಡು ಸಲ ಸುಣ್ಣ ಬಳಿದು ಅಳಿಸತಕ್ಕದ್ದು. ಕೊನೆಯ ದಿನ: ಅಕ್ಟೋಬರ್ ಇಪ್ಪತ್ತೈದು."

ಮರಿಬಸಪ್ಪನವರು ಆಕ್ಷೇಪಣೆ ಬರೆದರು. ಒಂದು ಪುಟ, ಒಂದೂ ಚಿತ್ತುಕಾಟು ಇಲ್ಲ. ಗೋಡೆಯಲ್ಲಿರುವುದು ಅನ್ಯಭಾಷೆಯಲ್ಲ, ಅದು ಈ ರಾಜ್ಯದ ಭಾಷೆ, ಅದನ್ನು ನೋಡಿಯೇ ಒಂಬತ್ತು ವರ್ಷಗಳಿಂದ ಮಕ್ಕಳೆಲ್ಲ ಓದು ಕಲಿತಿದ್ದಾರೆ, ಬರೆದವರು ತೀರಿಕೊಂಡಿದ್ದಾರೆ, ಮತ್ತೆ ಬರೆಯಿಸಲು ಬರುವುದಿಲ್ಲ. ಈ ಕೊನೆಯ ವಾಕ್ಯವನ್ನು ಬರೆಯಲು ಅವರಿಗೆ ಒಂದು ಸಂಜೆ ಹಿಡಿಯಿತು.

ಹದಿನೈದು ದಿನಕ್ಕೆ ಉತ್ತರ ಬಂತು: "ತಮ್ಮ ಆಕ್ಷೇಪಣೆಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗಿದೆ. ಸದರಿ ಆಕ್ಷೇಪಣೆಯು ನಮೂನೆಯಲ್ಲಿಲ್ಲದ ಭಾಷೆಯಲ್ಲಿರುವುದರಿಂದ ಓದಲು ಅವಕಾಶವಿರುವುದಿಲ್ಲ. ಹ್ಮಾಂಗ್ ಅಥವಾ ಖೋಸಾದಲ್ಲಿ ಮೂರು ಪ್ರತಿಗಳನ್ನು ಸಲ್ಲಿಸುವುದು."

ಅಕ್ಟೋಬರ್ ಇಪ್ಪತ್ನಾಲ್ಕರಂದು ಎರ್ರಣ್ಣ ಸುಣ್ಣದ ಡ್ರಮ್ಮನ್ನು ಬಂಡಿಯಲ್ಲಿ ತಂದು ಇಳಿಸಿದ. ಇಳಿಸಿ, ಅದರ ಮೇಲೇ ಕೂತುಬಿಟ್ಟ.

"ಏಳೋ ಎರ್ರಣ್ಣ," ಎಂದಳು ದೊಡ್ಡಬಸಮ್ಮ. "ಬಳಿಯಾಕ ಬಂದೀಯೋ, ಮೊಟ್ಟಿಗೆ ಕಾವು ಕೊಡಾಕ ಬಂದೀಯೋ?"

"ಬಳಿಯಕ್ಕೆ ಕೈ ಬರಲ್ಲಕ್ಕಾ. ನನ್ನ ಮಗಳು ಆ ಬೆಕ್ಕು ನೋಡೋಕೆ ಸ್ಕೂಲಿಗೆ ಬರ್ತಿದ್ಳು ಮೊದಲು."

"ನನ್ನ ಮೊಮ್ಮಗಳು ಈಗಲೂ ಅದಕ್ಕ ಬರ್ತಾಳ. ಮೇಷ್ಟ್ರ ಪಾಠಕ್ಕ ಯಾರು ಬರ್ತಾರ?" ಎಂದು ಹೇಳಿದ ಮೇಲೆ ಮರಿಬಸಪ್ಪನವರು ಬಾಗಿಲಲ್ಲಿ ನಿಂತದ್ದು ಕಂಡು, ದೊಡ್ಡಬಸಮ್ಮ ಸೆರಗು ಬಾಯಿಗೆ ಹಿಡಿದುಕೊಂಡಳು.

ಅದೇ ಹೊತ್ತಿಗೆ ಹೇಮಾಳ ಫೋನು ಬಂತು. ಹೊರಗೆಲ್ಲೋ ನಿಂತು ಮಾತಾಡುತ್ತಿದ್ದಳು. ಹಿಂದೆ ಬಸ್ಸುಗಳ ಹಾರ್ನು ಕೇಳುತ್ತಿತ್ತು.

"ಸರ್, ಸುಣ್ಣ ಬಳಿಸಿಬಿಟ್ರೇನ್ರಿ?"

"ಇನ್ನೂ ಇಲ್ಲವಾ."

"ಬಳಿಸಬ್ಯಾಡ್ರಿ. ನಾ ಏಳನೇ ನಿಯಮ ನಾಕು ಸಲ ಓದೀನಿ. ಅಳಿಸಬೇಕಾಗಿದ್ದು ಅನ್ಯಭಾಷೆ ಇದ್ರ ಮಾತ್ರ. ಗೋಡಿ ಫೋಟೋ ತೆಗೀರಿ, ಪೋರ್ಟಲ್‌ನಾಗ ಹಾಕ್ರಿ, ಭಾಷೆ ಅಂತ ಇದ್ದಲ್ಲಿ ಹ್ಮಾಂಗ್ ಮತ್ತು ಖೋಸಾ ಅಂತ ಒತ್ರಿ. ಅಷ್ಟ."

"ಅದು ಕನ್ನಡ ಐತಲ್ಲವಾ. ನೋಡಿದವರಿಗೆ ಕಾಣಂಗಿಲ್ಲೇನು?"

"ನೋಡೋರು ಯಾರ್ರಿ ಸರ್?" ಎಂದಳು ಹೇಮಾ. ಫೋನಿಡುವ ಮುಂಚೆ, "ತಪ್ಪು ನಂದ್ರಿ. ನಾ ಅವತ್ತು ಊಟಕ್ಕ ಹೋಗಬಾರದಿತ್ತು," ಎಂದಳು.

ಮರಿಬಸಪ್ಪನವರು ಫೋಟೋ ತೆಗೆದರು. ಪೋರ್ಟಲ್ ಮೂರು ಪ್ರಶ್ನೆ ಕೇಳಿತು. ಗೋಡೆಯಲ್ಲಿರುವ ಭಾಷೆಗಳು ಎಂದು ಕೇಳಿದಾಗ ಕಣ್ಣು ಮುಚ್ಚಿ ಒತ್ತಿದರು. ಬರೆದವರ ಹೆಸರು ಕೇಳಿದಾಗ ಕಣ್ಣು ತೆರೆದು, ಒಂದೊಂದೇ ಅಕ್ಷರ ನೋಡಿ ದಾಕ್ಷಾಯಣಮ್ಮ ಎಂದು ಬರೆದರು. ಮೂರನೆಯದು: ಬರೆದವರ ಮಾತೃಭಾಷೆ. ಕೆಳಗೆ ಎರಡೇ ಆಯ್ಕೆ.

ಇಲ್ಲಿ ಅವರು ನಿಂತರು. ಗೋಡೆಯ ಬಗ್ಗೆ ಸುಳ್ಳು ಹೇಳುವುದು ಒಂದು, ಅವಳ ಬಗ್ಗೆ ಹೇಳುವುದು ಇನ್ನೊಂದು. ಅಂಗಳದಲ್ಲಿ ಸುಣ್ಣದ ಡ್ರಮ್ಮು ಇತ್ತು, ಡ್ರಮ್ಮಿನ ಮೇಲೆ ಎರ್ರಣ್ಣ ಇದ್ದ. ಅವನ ತಲೆಯ ಮೇಲುಗಡೆ, ಗೋಡೆಯ ಮೂಲೆಯಲ್ಲಿ ಬೆಕ್ಕು ಎಡಗಣ್ಣು ಮಿಟುಕಿಸುತ್ತಿತ್ತು. ಮರಿಬಸಪ್ಪನವರು 'ಖೋಸಾ' ಎಂದು ಒತ್ತಿದರು. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಕಣ್ಣು ತೆರೆದು ಹೇಳಿದ ಸುಳ್ಳು.

'ಅಭಿನಂದನೆಗಳು' ಎಂದಿತು ಪೋರ್ಟಲ್.

ಮೂರೂ ತಾಲೂಕುಗಳಲ್ಲಿ ಉಳಿದ ಶಾಲೆಗಳು ಸುಣ್ಣ ಬಳಿದು ಮುಗಿಸಿದ್ದವು. ಮೇಲೆ ಏನು ಬರೆಯಬೇಕೆಂದು ತಿಳಿಯದೆ ಬಿಳಿಯ ಗೋಡೆಗಳ ಫೋಟೋ ಕಳಿಸಿದ್ದವು. ಅಕ್ಷರವಿರುವ ಗೋಡೆ ಜಿಲ್ಲೆಗೆಲ್ಲ ಒಂದೇ ಆಗಿದ್ದರಿಂದ ಅದಕ್ಕೆ ಪ್ರಥಮ ಬಹುಮಾನ ಘೋಷಣೆಯಾಯಿತು. ಸುಶಮೀಂದ್ರ ಅವರು ಮತ್ತೊಮ್ಮೆ ಖುದ್ದು ಬಂದು ಗೋಡೆ ನೋಡಿದರು. ಈ ಸಲ ಕೈಕಟ್ಟಿ, ದೇವರ ಮುಂದೆ ನಿಂತಂತೆ ನಿಂತರು.

"ಎಷ್ಟು ಛಂದ ಹೋಲಿಸ್ಯಾರ ನೋಡ್ರಿ ಆ ತಾಯಿ. ಓದಿದರ ಕನ್ನಡ ಓದಿದಂಗ ಆಗತೈತಿ."

"ಹೌದ್ರಿ," ಎಂದರು ಮರಿಬಸಪ್ಪನವರು.

"ಈ ಬೆಕ್ಕು ಯಾವ ಭಾಷಿ?"

"ಹ್ಮಾಂಗ್ ರಿ. ಎಂಟನೇ ಸ್ವರ." ಒಮ್ಮೆ ಶುರುವಾದ ಮೇಲೆ ಅಷ್ಟು ಕಷ್ಟವೇನೂ ಇಲ್ಲವೆಂದು ಅವರು ಗಮನಿಸಿದರು.

ಬಹುಮಾನ ವಿತರಣೆಯನ್ನು ನವೆಂಬರ್ ಒಂದರಂದು ಕುರುಗೋಡಿನಲ್ಲಿ ಇಟ್ಟುಕೊಳ್ಳಲಾಯಿತು. ಅಂದು ಕನ್ನಡ ರಾಜ್ಯೋತ್ಸವ. ಶಾಮಿಯಾನ ಹೇಗೂ ಹಾಕಿರುತ್ತದೆ. ಬ್ಯಾನರಿನಲ್ಲಿ 'ಕನ್ನಡ' ಎಂಬ ಪದದ ಮೇಲೆ ಕಾಗದ ಅಂಟಿಸಿ 'ಹ್ಮಾಂಗ್–ಖೋಸಾ' ಎಂದು ಬರೆಯಲಾಗಿತ್ತು. 'ರಾಜ್ಯೋತ್ಸವ' ಹಾಗೆಯೇ ಇತ್ತು. ಹಳದಿ ಕೆಂಪು ಶಾಲು ಹೊದ್ದು ಬಂದವರಿಗೆ, ಅವು ಎರಡು ಭಾಷೆಗಳ ಎರಡು ಬಣ್ಣವೆಂದು ನಿರೂಪಕರು ವಿವರಿಸಿದರು. ಜನ ಚಪ್ಪಾಳೆ ತಟ್ಟಿದರು.

ಪ್ರಶಸ್ತಿ ಪತ್ರವನ್ನು ಹೇಮಾ ಓದಿದಳು. "ಖೋಸಾ ಭಾಷಿಕರಾದ ದಿವಂಗತ ದಾಕ್ಷಾಯಣಮ್ಮನವರು…" ಎಂಬ ಸಾಲನ್ನು ಮರಿಬಸಪ್ಪನವರ ಕಡೆ ನೋಡದೆ ಓದಿದಳು. ಮರಿಬಸಪ್ಪನವರು ಎರಡೂ ಕೈಯಿಂದ ಪತ್ರ ತೆಗೆದುಕೊಂಡರು. ಆಗ ಸುಶಮೀಂದ್ರ ಅವರು ಮೈಕಿನ ಮುಂದೆ ಬಂದರು.

"ತೀರಿಕೊಂಡ ತಾಯಿಗೆ ನಾವು ಕನ್ನಡದ ರೂಢಿಯಂತೆ ಎರಡು ನಿಮಿಷ ಸುಮ್ಮನ ನಿಲ್ಲೋದು ಸರಿಯಾಗಂಗಿಲ್ಲ. ಅವರ ಮಾತೃಭಾಷೆಯಾಗ ಶ್ರದ್ಧಾಂಜಲಿ ಸಲ್ಲಿಸೋಣು. ಎಲ್ಲರೂ ಎದ್ದು ನಿಂತು ಎರಡು ನಿಮಿಷ ಲೊಚಗುಟ್ಟಬೇಕು."

ಶಾಮಿಯಾನದಲ್ಲಿದ್ದ ಮುನ್ನೂರು ಜನ ಎದ್ದು ನಿಂತರು. ಮೊದಲು ಮುಂದಿನ ಸಾಲಿನ ಅಧಿಕಾರಿಗಳು ಸಂಕೋಚದಿಂದ ಶುರು ಮಾಡಿದರು. ಹಿಂದೆ ಹೆಂಗಸರ ಸಾಲಿನಲ್ಲಿ ದೊಡ್ಡಬಸಮ್ಮ ಸೇರಿಕೊಂಡಳು. ಅವಳದು ಆದೇಶಕ್ಕೆ ಬಂದ ಲೊಚಗುಟ್ಟುವಿಕೆಯಲ್ಲ. ಹನ್ನೆರಡು ತಿಂಗಳ ಹಿಂದೆ ಹೆಣದ ತಲೆಯ ಕಡೆ ಕೂತು ಇಡೀ ದಿನ ಮಾಡಿದ್ದು ಅದನ್ನೇ. ಅವಳ ಪಕ್ಕದವರು ಅವಳ ಮುಖ ನೋಡಿ ಶುರು ಮಾಡಿದರು, ಅವರ ಪಕ್ಕದವರು ಅವರ ಮುಖ ನೋಡಿ. ಎರ್ರಣ್ಣನಿಗೆ ಎತ್ತಿನದೊಂದೇ ಬರುತ್ತಿತ್ತು. ಅವನು ಅದನ್ನೇ ಮಾಡಿದ, ಕಣ್ಣೊರೆಸಿಕೊಳ್ಳುತ್ತ. ಒಂದು ನಿಮಿಷವಾಗುವಷ್ಟರಲ್ಲಿ ಶಾಮಿಯಾನ ತುಂಬ ಆ ಸಣ್ಣ ಒದ್ದೆ ಸಪ್ಪಳ. ವೇದಿಕೆಯ ಮೇಲೆ ಮರಿಬಸಪ್ಪನವರೂ ಪತ್ರವನ್ನು ಎದೆಗೆ ಹಿಡಿದುಕೊಂಡು ಲೊಚಗುಟ್ಟಿದರು. ಎರಡು ನಿಮಿಷ ಮುಗಿದ ಮೇಲೂ ಯಾರಿಗೂ ನಿಲ್ಲಿಸಲಾಗಲಿಲ್ಲ. ನಾಲ್ಕು ನಿಮಿಷವಾಯಿತೆಂದು ನಡವಳಿಯಲ್ಲಿ ದಾಖಲಾಗಿದೆ.

ಡಿಸೆಂಬರಿನಲ್ಲಿ ಎಂಟನೇ ನಿಯಮ ಬಂತು. ಮೂರೂ ತಾಲೂಕುಗಳ ಬಿಳಿ ಗೋಡೆಗಳ ಮೇಲೆ ತೂಬಿನ ಕ್ಯಾಂಪಿನ ಗೋಡೆಯನ್ನು 'ಅಕ್ಷರಶಃ, ಚಿತ್ರಶಃ, ಬೆಕ್ಕುಸಹಿತ' ನಕಲು ಮಾಡತಕ್ಕದ್ದು ಎಂದು ಅದರಲ್ಲಿತ್ತು. ಮಕ್ಕಳು ಓದಲು ಶುರು ಮಾಡಿದರು. ಅಂಬಲಿ, ಒಗ್ಗರಣಿ, ಕಾಲುವಿ. ತಪಾಸಣೆಗೆ ಹೋದವರು 'ಮಕ್ಕಳ ಹ್ಮಾಂಗ್ ಉಚ್ಚಾರಣೆ ಸ್ಪಷ್ಟವಾಗಿದೆ' ಎಂದು ಬರೆದು ಬಂದರು. ಅದೇ ತಿಂಗಳು ಬೇರೊಂದು ಕಚೇರಿಯಿಂದ, ಶಾಲಾವಾರು ಕನ್ನಡ ಮಾತನಾಡುವ ಮಕ್ಕಳ ಸಂಖ್ಯೆ ಕೇಳಿ ಕಾಗದ ಬಂತು. ಒಬ್ಬ ವ್ಯಕ್ತಿಗೆ ಒಂದೇ ಭಾಷೆ ಎಂಬ ನಿಯಮವಿದ್ದುದರಿಂದ ಮರಿಬಸಪ್ಪನವರು ಲೆಕ್ಕ ನೋಡಿದರು. ಹತ್ತೊಂಬತ್ತು, ಹತ್ತೊಂಬತ್ತು ಹೋದ ಮೇಲೆ ಯಾರೂ ಉಳಿದಿರಲಿಲ್ಲ. ಸೊನ್ನೆ ಹಾಕಿದರು. ಆ ಸೊನ್ನೆಯನ್ನು ಪೋರ್ಟಲ್ ತಕ್ಷಣ ಸ್ವೀಕರಿಸಿತು.

ಈಗ ಮರಿಬಸಪ್ಪನವರು ಹ್ಮಾಂಗ್–ಖೋಸಾ ವಿಷಯದ ಜಿಲ್ಲಾ ಸಂಪನ್ಮೂಲ ವ್ಯಕ್ತಿ. ಜನವರಿಯಲ್ಲಿ ಸಿರುಗುಪ್ಪದ ಶಿಕ್ಷಕರಿಗೆ ತರಬೇತಿ ಕೊಡಲು ಅವರನ್ನು ಕರೆಸಿಕೊಂಡರು. ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರು. ರಸ್ತೆಯ ಬದಿಯಲ್ಲಿ ಒಂದು ಶಾಲೆ ಬಂತು, ಗೋಡೆ ಬಂತು, ಗೋಡೆಯ ಮೂಲೆಯಲ್ಲಿ ಬೆಕ್ಕು ಬಂತು. ಮುಂದಿನ ಊರಲ್ಲಿ ಇನ್ನೊಂದು. ಕೆಲವು ದಪ್ಪಗಿದ್ದವು, ಒಂದಕ್ಕೆ ಮೀಸೆ ಹೆಚ್ಚಾಗಿತ್ತು, ಒಂದು ನಾಯಿಯ ಹಾಗಿತ್ತು. ಆದರೆ ಎಲ್ಲವೂ ನಿಯಮದಲ್ಲಿ ಸೂಚಿಸಿದಂತೆ ಎಡಗಣ್ಣನ್ನೇ ಮಿಟುಕಿಸುತ್ತಿದ್ದವು.

ಮರಿಬಸಪ್ಪನವರು ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಒಂದೊಂದಕ್ಕೂ ಗುರುತು ಹಾಕುತ್ತ ಹೋದರು. ಸಿರುಗುಪ್ಪದ ನಿಲ್ದಾಣದಲ್ಲಿ ಇಳಿಯುವ ಮುಂಚೆ ಕೂಡಿಸಿ, ಕೆಳಗೆ ಗೆರೆ ಎಳೆದು ಬರೆದರು: ಬೆಕ್ಕು, ಹದಿನಾಲ್ಕು. ಎಲ್ಲವೂ ಹಾಜರು.